ಸೋಮವಾರ ತೆಗೆಯುವೆ

ಭಾನುವಾರ ರಾತ್ರಿ ಹತ್ತೂವರೆ. ಪೋರ್ಟ್ ಅಗಸ್ಟಾದಲ್ಲಿ
ಇನ್ನೂ ಮೂವತ್ತೆಂಟು ಡಿಗ್ರಿ. ಕಿಟಕಿಯ ಗಾಜು
ಈಗಷ್ಟೇ ಒಲೆಯಿಂದಿಳಿಸಿದ ಕಾವಲಿ.
ಕಪ್ಪು ತೆರೆಯ ಮೂಲೆಯಲ್ಲಿ ಬಿಳಿ ಚೌಕವೊಂದು
ಮಿಟುಕುತ್ತ ಕೂತಿದೆ: ಏನು ಕೇಳುತ್ತೀ, ಕೇಳು.

ನಲವತ್ತೊಂದು ಪಂಪ್‌ಮನೆ, ನಲವತ್ತೊಂದು ರೌಟರು.
ನೀರಿನ ಪೈಪಿನ ಬೆನ್ನು ಹಿಡಿದು ಉತ್ತರಕ್ಕೆ
ಕೆಂಪು ಮಣ್ಣಲ್ಲಿ, ಉಪ್ಪುಪೊದೆಗಳ ನಡುವೆ,
ತಗಡಿನ ಗೂಡಿಗೊಂದೊಂದು.
ನಾನು ಅಲ್ಲಿಗೆ ಹೋದವಳಲ್ಲ. ಕೂತಲ್ಲೇ ಕದ ತಟ್ಟುತ್ತೇನೆ,
ಜನಗಣತಿಗೆ ಬಂದ ಮೇಷ್ಟ್ರ ಹಾಗೆ:
ಹೆಸರು? ಎಷ್ಟು ದಿನದಿಂದ ಇದ್ದೀ?
ಬಾಗಿಲೆಷ್ಟು, ತೆರೆದದ್ದೆಷ್ಟು?
ಯಾರ ಮಾತನ್ನು ಯಾವ ದಾರಿಗೆ ಕಳಿಸುತ್ತೀ?

ಹರಟುವ ಜಾತಿಯಲ್ಲ ಇವು. ಕೇಳಿದಷ್ಟೇ ಹೇಳುತ್ತವೆ.
ನಾನು ಒಂದಕ್ಷರ ತಪ್ಪಿದರೆ
ತಪ್ಪಿದ ಅಕ್ಷರದ ಅಡಿಗೇ ಸಣ್ಣದೊಂದು ಗುರುತು ಹಾಕಿ
ಮುಖ ತಿರುಗಿಸುತ್ತವೆ.
ಪುಟ ತುಂಬಿದರೆ ಮಾತ್ರ ‘ಇನ್ನೂ ಇದೆ’ ಎಂದು ನಿಲ್ಲುತ್ತವೆ,
ಕಥೆ ಹೇಳುವ ಅಜ್ಜಿ ಹೂಂಗುಟ್ಟಲಿ ಎಂದು ಕಾದಂತೆ.
ಹೂಂ, ಎನ್ನುತ್ತದೆ ನನ್ನ ಹೆಬ್ಬೆರಳು.
ಹೂಂ. ಹೂಂ.

ಪ್ರತಿಯೊಂದಕ್ಕೂ ಎರಡು ನೆನಪು.
ಈಗ ತಲೆಯಲ್ಲಿ ಓಡುತ್ತಿರುವುದೊಂದು.
ಬರೆದಿಟ್ಟದ್ದೊಂದು,
ಕರೆಂಟು ಹೋಗಿ ಬಂದಾಗ ಎದ್ದು ಓದಿಕೊಳ್ಳಲು.
ಎರಡನ್ನೂ ಪಕ್ಕಪಕ್ಕ ಹಾಸಿ
ಎಲ್ಲಿ ತಾಳೆಯಾಗದು ನೋಡುವುದಷ್ಟೇ ನನ್ನ ಕೆಲಸ.
ಬೆಳಿಗ್ಗೆ ಆರಕ್ಕೆ ಲಿಯಾನ್ ಫಿಟ್ಸ್ನರ್ ವ್ಯಾನು ಹತ್ತುತ್ತಾಳೆ
ಹಳೇ ಬ್ಯಾಟರಿ ಕಿತ್ತು ಹೊಸದು ಕೂರಿಸಲು.
ಒಂದೊಂದು ಗೂಡೂ ಅರ್ಧ ನಿಮಿಷ ಆರುತ್ತದೆ.

ಮೂವತ್ತು ಮನೆ ತಾಳೆ.
ಮೂವತ್ತೊಂದನೆಯದು
ಎಚ್ಚರವಾಗಿ ಒಂಬತ್ತು ವರ್ಷ, ಹದಿನಾಲ್ಕು ವಾರ, ಎರಡು ದಿನ.
ಬರಹದಲ್ಲಿಲ್ಲದ ಎರಡು ಸಾಲು ತಲೆಯಲ್ಲಿದೆ.
ತೊಟ್ಟಿಯ ಮಟ್ಟದ ಲೆಕ್ಕ
ಹಳೇ ರೇಡಿಯೋ ಕಂಬ ಸುತ್ತಿ ಬರಲಿ, ಎಂಬುದು ಒಂದು.
ಅದರ ಕೆಳಗೆ, ಯಂತ್ರಕ್ಕೆ ಬೇಡದ, ಮನುಷ್ಯರ ಮಾತು:
‘ತಾತ್ಕಾಲಿಕ. ಸೋಮವಾರ ತೆಗೆಯುವೆ. ಕೆ.ಝಡ್.’

ಯಾವ ಸೋಮವಾರ?
ನಾಳೆಯೂ ಸೋಮವಾರವೇ.

ಕೆಲ್ವಿನ್ ಝ್ವಾರ್, ಎಂದಳು ಲಿಯಾನ್ ಫೋನಿನಲ್ಲಿ ಆಕಳಿಸುತ್ತ,
ಸೆಡೂನಾದಲ್ಲಿ ಗಾಳದ ಎರೆ ಮಾರುತ್ತಾನೆ. ಎಬ್ಬಿಸು, ಬೈಯಲಿ.
ಎಬ್ಬಿಸಿದೆ. ಬೈದ. ಸಾಲು ಓದಿ ಹೇಳಿದರೆ ಸುಮ್ಮನಾದ.
ಆಮೇಲೆ: ‘ಗಲಾ ಗಿಳಿಗಳು ದೊಡ್ಡ ಕೇಬಲ್ಲು ಕಡಿದು ಹಾಕಿದ್ದವು.
ಶುಕ್ರವಾರ ಸಂಜೆ. ಹೊಸದು ಸೋಮವಾರ ಬರಬೇಕಿತ್ತು.’
ಬಂತೇ?
‘ನನಗೇನು ಗೊತ್ತು. ಆ ಸೋಮವಾರ ನನ್ನನ್ನೇ ತೆಗೆದರು.’

ರೌಟರನ್ನು ಕೇಳಿದೆ: ನೇರ ದಾರಿ ಹೇಗಿದೆ?
ಬಿದ್ದಿದೆ, ಎಂದಿತು. ಕೇಳಿದಷ್ಟೇ.
ಯಾರೂ ಇದುವರೆಗೆ ಕೇಳಿರಲಿಲ್ಲ.

ಹತ್ತು ಟೇಬಲ್ಲಿನ ಇಡ್ಲಿ, ವಡೆ, ಸಕ್ಕರೆಯಿಲ್ಲದ ಕಾಫಿ
ಎಲ್ಲ ತಲೆಯಲ್ಲೇ ಹೊತ್ತು ನಡೆವ ಹೋಟೆಲ್ ಮಾಣಿ
ಒಂಬತ್ತು ವರ್ಷ ಯಾರಿಗೂ ಡಿಕ್ಕಿ ಹೊಡೆಯದೆ ನಡೆದಿದ್ದಾನೆ;
ಅವನ ನೆನಪಿನ ಮೇಲೆ ಮೂರು ಊರಿನ ನಲ್ಲಿ.

ಬರೆದುಕೋ, ಎಂದು ಒತ್ತುತ್ತೇನೆ.
ಅದು ತಡೆಯುತ್ತದೆ. ಮೂರು ಚುಕ್ಕಿ. ನಾಲ್ಕು.
ಸರಿ, ಎನ್ನುತ್ತದೆ.

‘ತಾತ್ಕಾಲಿಕ’ವನ್ನು ತಿದ್ದಬಹುದಿತ್ತು. ಬೆರಳಿಟ್ಟೂ ನೋಡಿದೆ.
ಏನೆಂದು ತಿದ್ದಲಿ? ನನ್ನ ಕಾಗದದಲ್ಲೂ ಅದೇ ಪದ,
ಜೂನ್ ಮೂವತ್ತರವರೆಗೆ.

ಮೂವತ್ತೆರಡನೆಯದು ಹೆಸರು ಹೇಳಿ ನಿಂತಿದೆ.
ಇನ್ನೂ ಇದೆ, ಎನ್ನುತ್ತಿದೆ.
ಹೂಂ.