ಅರಬೈಲಿನ ಮೂರನೇ ಗೇರು

ಬಂಕಿನ ಹುಡುಗ ಪೈಪು ಹಿಡಿದು ಕೇಳುತ್ತಾನೆ:
"ಸಾದಾನೋ, ಪ್ರೀಮಿಯಮ್ಮೋ?"
ಲೀಟರಿಗೆ ಐದು ರೂಪಾಯಿ ಹೆಚ್ಚು.
ನಲವತ್ತು ಲೀಟರಿಗೆ ಇನ್ನೂರು,
ಅಂದರೆ ಬೈತಖೋಲದಲ್ಲಿ ಎರಡು ಗಡ್ಡೆ ಐಸು.

ವೈಶಾಖದಲ್ಲಿ ಒಂದು ತಿಂಗಳು ಹಾಕಿಸಿದೆ.
ಯಾರಿಗೂ ಹೇಳಲಿಲ್ಲ,
ಮನೆಯಲ್ಲಿ ಲೆಕ್ಕ ಬರೆಯುವ ಪ್ರಮೀಳನಿಗಂತೂ ಇಲ್ಲ.
ನೋಡಿ, ಅರಬೈಲ್ ಘಟ್ಟದಲ್ಲಿ
ಯಾವಾಗಲೂ ಎರಡಕ್ಕಿಳಿಯುವ ಆ ತಿರುವನ್ನು
ಗಾಡಿ ಮೂರರಲ್ಲೇ ಏರಿತು.
ಕೆಮ್ಮಲಿಲ್ಲ, ಹೊಗೆಯುಗುಳಲಿಲ್ಲ,
ಎದೆಯ ಕಫ ಕರಗಿದ ಮುದುಕನ ಹಾಗೆ
ಉದ್ದಕ್ಕೆ ಉಸಿರೆಳೆದುಕೊಂಡು ಹೋಯಿತು.
ನಾನು ಸ್ಟೇರಿಂಗಿನ ಮೇಲೆ ತಾಳ ಹಾಕಿದೆ.

ಬಸ್ತ್ಯಾಂವನಿಗೆ ಹೇಳಿದರೆ
ಗಾಡಿಯಡಿಯಿಂದ ತಲೆಯೂ ಹೊರಗೆ ಹಾಕಲಿಲ್ಲ:
"ಫಿಲ್ಟರು ಬದಲಿಸಿದ್ದು ಯಾವಾಗ?
ಟ್ಯಾಂಕಿನ ತಳದ ನೀರು ಇಳಿಸಿದ್ದು ಯಾವಾಗ?"
ಕಾಲು ಮಾತ್ರ ಕಾಣುತ್ತಿದ್ದವು.
ಆ ಕಾಲುಗಳಿಗೆ ನಾನು ಉತ್ತರ ಕೊಡಲಿಲ್ಲ.

ರಾತ್ರಿ ಚೀಟಿಗಳನ್ನು ಹರಡಿ ಕೂತೆ.
ಆ ತಿಂಗಳು ಬಲೆಗೆ ಬಂಗಡೆಯೇ ಬಿದ್ದಿರಲಿಲ್ಲ.
ಎಂಬತ್ತು ಕ್ರೇಟು ಹೊರುವ ಗಾಡಿ
ಇಪ್ಪತ್ತೆರಡು, ಹದಿನೆಂಟು,
ಒಮ್ಮೆ ಬರೀ ಒಂಬತ್ತು ಹೊತ್ತು
ಹುಬ್ಬಳ್ಳಿಗೆ ಹೋಗಿತ್ತು.
ಘಟ್ಟ ಹತ್ತಿಸಿದ್ದು ಡೀಸೆಲ್ಲೋ,
ಖಾಲಿ ಕಡಲೋ?

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿದಾವು.
ತುಂಬಿದ ಲೋಡಿಗೆ ಒಮ್ಮೆ ಹಾಕಿಸಿ ನೋಡಬೇಕು,
ಫಿಲ್ಟರು ಬದಲಿಸದೆ ಒಮ್ಮೆ, ಬದಲಿಸಿ ಒಮ್ಮೆ.
ಅಷ್ಟು ದುಡ್ಡಿದ್ದರೆ
ಈ ಲೆಕ್ಕವೇ ಬೇಕಿರಲಿಲ್ಲ.

ಹಿಂದಿನ ಲಾರಿ ಹಾರನ್ ಬಾರಿಸುತ್ತಿದೆ.
ಹುಡುಗ ಕಾಯುತ್ತಿದ್ದಾನೆ.
"ಸಾದಾ" ಎನ್ನುತ್ತೇನೆ,
ತುಸು ಮೆಲ್ಲಗೆ,
ಗಾಡಿಗೆ ಕೇಳಿಸದ ಹಾಗೆ.