ಟವೆಲ್ಲಿನ ಕೆಳಗೆ

ತೆಂಡೇಕೆರೆ ಸಂತೆಯಲ್ಲಿ ನಮ್ಮಪ್ಪ ಆಡಿದ ಮಾತಿಗೆ
ಕಾಸಿನ ಬೆಲೆಯೂ ಇರಲಿಲ್ಲ.
ಹಲ್ಲು, ಸುಳಿ, ಗೊರಸು, ನಾಲೆಗೆ ಬಿಟ್ಟ ನೀರು,
ಯಾರದೋ ಮೈದುನನ ನಿಂತುಹೋದ ಮದುವೆ:
ಬಾಯಿ ತನ್ನ ಪಾಡಿಗೆ ಹರಟುತ್ತಿತ್ತು.
ವ್ಯಾಪಾರ ಮಾತ್ರ
ಎರಡು ಕೈಗಳ ಮೇಲೆ ಇಳಿಬಿಟ್ಟ
ಕೆಂಪಂಚಿನ ಟವೆಲ್ಲಿನ ಕೆಳಗೆ,
ಕತ್ತಲಲ್ಲಿ.

ತೋರುಬೆರಳು ಹಿಡಿದರೆ ಒಂದು.
ನಡುಬೆರಳೂ ಸೇರಿದರೆ ಎರಡು.
ಇಡೀ ಅಂಗೈ ಅಮುಕಿದರೆ ಐದು.
ಗೆಣ್ಣು ಗಿಲ್ಲಿದರೆ ಅರ್ಧ.

ಒಂದು ಅಂದ್ರೆ ನೂರಾ, ಸಾವಿರಾನಾ?
ಏಳು ವರ್ಷದ ನಾನು ಕೇಳಿದ್ದೆ.
"ಎತ್ತು ಎದುರಿಗೇ ನಿಂತೈತಲ್ಲವ್ವ" ಅಂದಿದ್ದ,
ದಲ್ಲಾಳಿ ಮಂಚಯ್ಯ.

ಗಾಣಕ್ಕೆ ಎರಡು ಬೆರಳು ಕೊಟ್ಟ
ಆಲೆಮನೆ ಪುಟ್ಟತಮ್ಮಯ್ಯ ಬಂದ ದಿನ
ನಾನು ಟವೆಲ್ಲನ್ನೇ ದಿಟ್ಟಿಸಿದೆ.
ಹೆಂಗಪ್ಪಾ ಹಿಡಿದೆ, ಅವನ ಮೂರನ್ನ, ನಾಲ್ಕನ್ನ?
ಬೆರಳಿದ್ದ ಜಾಗ ಇರ್ತದಲ್ಲ,
ಅದನ್ನೇ ಹಿಡಿದೆ.

ಈಗ ನಾನು ಮಂಡ್ಯದಲ್ಲಿ ಗಣಿತದ ಮೇಡಂ.
"ಎಕ್ಸ್ ಅಂದ್ರೆ ಏನು ಮಿಸ್?"
ಹೊಳಲಿನ ನಿಸರ್ಗ ಏಳುತ್ತಾಳೆ.
ಏನು ಬೇಕಾದರೂ ಆಗಬಹುದು.
"ಎಮ್ಮೆ?"
ಎಮ್ಮೆಯಲ್ಲ ಕಣೆ, ಎಮ್ಮೆ ಎಷ್ಟು ಅನ್ನೋದು.
ಎಮ್ಮೆ ಅನ್ನುವ ಸದ್ದಿಗೆ ಕೊಂಬಿಲ್ಲ, ಕೆಚ್ಚಲಿಲ್ಲ,
ಕರೆದರೆ ಒಂದು ತೊಟ್ಟು ಹಾಲಿಲ್ಲ.
ಆದರೂ ನಲವತ್ತೆರಡು ಮಕ್ಕಳ ನಡುವೆ
ಅದು ಸಗಣಿ ಹಾಕಿ ಹೋದ ಹಾಗೆ
ಮೂಗು ಮುಚ್ಚಿಕೊಂಡು ನಗುತ್ತವೆ.
ಬೋರ್ಡಿನ ಕಡೆ ತಿರುಗುತ್ತೇನೆ,
ನಗು ಕಾಣಬಾರದಲ್ಲ.

ದೊಡ್ಡಾಸ್ಪತ್ರೆ, ಎರಡನೇ ಮಹಡಿ.
ಅಪ್ಪನ ಬಲಗೈ ಮಲಗಿಬಿಟ್ಟು ಒಂಬತ್ತು ದಿನ,
ಬಾಯಿ ಮಲಗಿ ಎಂಟು.
ಹರಟೆಯೆಲ್ಲ ಹೋದ ಮೇಲೆ
ಉಳಿದದ್ದು ಎಡಗೈ.
ಅದು ಕಂಬಳಿಯೊಳಗೆ ನನ್ನ ಕೈ ಹುಡುಕಿ
ತೋರು, ನಡು, ಉಂಗುರ, ಕಿರು,
ಒಂದೊಂದನ್ನೇ ಸೇರಿಸಿ ಹಿಡಿಯಿತು.

ನಾಲ್ಕು.

ನಾಲ್ಕು ಗಂಟೆಗೆ ಮಾತ್ರೆಯಾ? ಅಲ್ಲ.
ಸಾಲವಾ, ನಾಲ್ಕು ಸಾವಿರ? ಅಲ್ಲ.
ನಾವು ಹುಟ್ಟಿದ್ದು ನಾಲ್ಕು, ಈಗಿರೋದು ಮೂರು,
ಅದಾ?
ರೆಪ್ಪೆ ಕದಲಲಿಲ್ಲ.
ನಾಲ್ಕು ಹಲ್ಲಿನ ಹೋರಿಯಾ? ನಾಲ್ಕು ಜನರಾ?
ನಾಲ್ಕು ಜನ ಅಂದರೆ ಆಡಿಕೊಳ್ಳುವವರೂ ಹೌದು
ಹೊರುವವರೂ ಹೌದು
(ಇದನ್ನು ಬಾಯಿಬಿಟ್ಟು ಕೇಳಲಿಲ್ಲ).

ಲೆಕ್ಕ ಅರ್ಥವಾಗಿತ್ತು.
ಏನರ ಲೆಕ್ಕ ಅನ್ನುವುದಕ್ಕೆ
ಎದುರಿಗೆ ಕಟ್ಟಿದ ಎತ್ತಿರಲಿಲ್ಲ.
ಡ್ರಿಪ್ಪಿನ ಸ್ಟ್ಯಾಂಡು, ಗೋಡೆಯ ಮೇಲೆ ಬೆಡ್ ನಂಬರು,
ಪಕ್ಕದ ಮಂಚದವರ ಎಳನೀರು.

ಚೀಲದಿಂದ ಟವೆಲ್ಲು ತೆಗೆದೆ.
ಕೆಂಪಂಚು ಮಾಸಿ ಇಟ್ಟಿಗೆ ಬಣ್ಣ.
ಎರಡು ಕೈಗಳ ಮೇಲೂ ಇಳಿಬಿಟ್ಟು
ಕಿಟಕಿಯಾಚೆ ನೋಡುತ್ತ,
ಈ ಸಲ ಬೆಲ್ಲಕ್ಕೆ ರೇಟೇ ಇಲ್ಲವಂತೆ ಕಣಪ್ಪ, ಅಂದೆ,
ಸಂತೆಯಲ್ಲಿ ಅನ್ನುವ ಹಾಗೆ.
ಅನ್ನುತ್ತಲೇ
ಯಾವುದಕ್ಕೆ ಅಂತ ತಿಳಿಯದೆ
ಇಡೀ ಅಂಗೈ ಅಮುಕಿದೆ: ಐದು.

ಅಪ್ಪನ ಹುಬ್ಬು ಮೇಲೇರಿತು,
ಅದೇ ಹಳೇ ಹುಬ್ಬು,
ಇವಳೇನು, ಇಷ್ಟು ಕೇಳ್ತಾಳೆ ಅನ್ನುವ ಹಾಗೆ.
ಕೈ ಸಡಿಲವಾಯಿತು.
ಹಿಂದೆ ಮಾತ್ರ ಹೋಗಲಿಲ್ಲ.
ಮತ್ತೆ ತೋರು, ನಡು, ಉಂಗುರ, ಕಿರು.
ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಹೆಬ್ಬೆರಳ ಉಗುರು
ನನ್ನ ಗೆಣ್ಣು ಹುಡುಕಿ
ಗಿಲ್ಲಿತು.