ಸುಲುಫುವಿನ ಅಳತೆ

ಕೆಂಪು ಬಟ್ಟೆ ಎನ್ನುತ್ತೇವೆ ನಾವು ಅದಕ್ಕೆ,
ಬಣ್ಣ ಬೂದಿಯದಿರಲಿ, ಜೇನಿನದಿರಲಿ.
ತಾಪಿಯಾ ಮರದ ಕಾಡುಹುಳು ಬಿಟ್ಟ ನೂಲು,
ಗಂಜಿಯಲ್ಲಿ ಅದ್ದಿ, ಒಣಗಿಸಿ, ಮಗ್ಗಕ್ಕೆ ಏರಿಸಿ
ಸತ್ತವರಿಗೆ ನೇಯುವುದು ನನ್ನ ಕಸುಬು.
ಅಂಬೂಸಿಟ್ರದ ಸಂತೆಯಲ್ಲಿ ಕೇಳಿ ನೋಡಿ:
ಬಾಕುಲಿ ನೇಯ್ದದ್ದು ಗೋರಿಯೊಳಗೂ ಏಳು ವರ್ಷ ಬಾಳುತ್ತದೆ.

ಚಳಿ ಬಿದ್ದು ಗದ್ದೆ ಒಣಗಿದ ಮೇಲೆ
ಗೋರಿಯ ಕಲ್ಲು ಸರಿಸುತ್ತೇವೆ.
ಹಿರಿಯರನ್ನು ಬೆಳಕಿಗೆ ತಂದು,
ಹಳೆಯದರ ಮೇಲೆ ಹೊಸತು ಸುತ್ತಿ,
ಹೆಗಲಲ್ಲಿ ಹೊತ್ತು ಕುಣಿಯುತ್ತೇವೆ, ತುತ್ತೂರಿ ಊದಿಸಿ.
ಊರ ಸುದ್ದಿ ಹೇಳುತ್ತೇವೆ: ಹಸು ಕರು ಹಾಕಿತು,
ಸೇತುವೆ ಮತ್ತೆ ಕೊಚ್ಚಿಹೋಯಿತು.
ಪೇಟೆಯ ಗುಜರಾತಿ ಸಾವುಕಾರ ಹೇಳಿದ,
ಅವನ ಅಜ್ಜನ ದೇಶದಲ್ಲಿ ಸತ್ತವರು
ಕಾಗೆಯಾಗಿ ಉಣ್ಣಲು ಬರುತ್ತಾರಂತೆ.
ನಾನೇನೂ ನಗಲಿಲ್ಲ.

ಆ ವರ್ಷ ಗುಡ್ಡ ಸುಟ್ಟರು. ಇಲಿಗಳು ಊರಿಗೆ ಇಳಿದು
ಅಕ್ಕಿ ಮೂಟೆಯ ಪಕ್ಕ ಸತ್ತು ಬಿದ್ದವು.
ನನ್ನ ತಮ್ಮ ಸುಲುಫುವಿನ ತೊಡೆಸಂದಿಯಲ್ಲಿ ಗಡ್ಡೆ,
ನಾಲ್ಕನೇ ದಿನ ಕೆಮ್ಮು, ಕೆಮ್ಮಿನಲ್ಲಿ ರಕ್ತ.
ಸುಲುಫು ಎಂದರೆ ಕಡಿದ ಬುಡದಲ್ಲಿ ಒಡೆವ ಚಿಗುರು;
ಅವನಿಗೆ ಮುಂಚಿನ ಎರಡು ಉಳಿದಿರಲಿಲ್ಲ, ಅದಕ್ಕೇ ಆ ಹೆಸರು.
ಅಮ್ಮ ಅವನನ್ನು ಮಗ್ಗದ ಹಿಂದೆ ಬಚ್ಚಿಟ್ಟಳು.
ಕಾಯಿಲೆಗಲ್ಲ ಅವಳು ಹೆದರಿದ್ದು.
ಪ್ಲೇಗಿನಲ್ಲಿ ಹೋದವನಿಗೆ ಮನೆತನದ ಗೋರಿಯಿಲ್ಲ:
ಊರಾಚೆ, ಸುಣ್ಣ ಸುರಿದ ಗುಂಡಿ, ಹೆಸರಿಲ್ಲದ ಗೂಟ.
ಸಾವು ಒಂದು ದಿನದ್ದು, ಅಂದಳು.
ಗೋರಿ ತಪ್ಪಿದವನು ಎಂದೆಂದಿಗೂ ತಬ್ಬಲಿ.

ಅವನ ಬೆವರು ಒರೆಸಿದ ಚಿಕ್ಕಮ್ಮ ಹೋದಳು ಆಮೇಲೆ,
ಚಿಕ್ಕಮ್ಮನ ತಲೆ ಬಾಚಿದ ಸೊಸೆಯೂ.
ಮುಟ್ಟಿದ್ದೇ ತಪ್ಪು ಎಂದಿತು ರೇಡಿಯೊ.
ಮುಟ್ಟದೆ ದೂರ ನಿಂತವರನ್ನು
ನಮ್ಮ ಮಾತಿನಲ್ಲಿ ಏನೆಂದು ಕರೆಯುತ್ತಾರೆ,
ಅದನ್ನು ರೇಡಿಯೊ ಕೇಳಲಿಲ್ಲ.

ಬಿಳಿ ಉಡುಪಿನವರು ಬಂದಾಗ ಹುಡುಗರು ಕೂಗಿದರು,
ಗುಂಡಿಗೆ ಕದಿಯುವವರು ಬಂದರು!
ಸೋದರಮಾವ ಹಾರೆ ಹಿಡಿದು ಬಾಗಿಲಿಗೆ ಅಡ್ಡ ನಿಂತು
ಪೂರ್ವಿಕರ ಹೆಸರು ಒಂದೊಂದಾಗಿ ಅರಚಿದ.
ಪೊಲೀಸರು ಬಂದರು. ಮಾವನ ಹಲ್ಲೊಂದು ಹೋಯಿತು.
ಚೀಲದ ಜಿಪ್ಪು ಎಳೆದ ಸದ್ದು ಕೇಳಿತು ನನಗೆ.
ಮಗ್ಗದಲ್ಲಿ ಅರ್ಧ ನೇಯ್ದ ಬಟ್ಟೆ,
ಅವನ ಅಳತೆಯದಲ್ಲ, ಯಾರೋ ಗಿರಾಕಿಯದು.

ನಾಟಿ ಮುಗಿದ ಮೇಲೆ ಒಬ್ಬ ಬಂದ, ಸೈಕಲ್ಲಿನಲ್ಲಿ.
ಮುಖ ಕಂಡಿರಲಿಲ್ಲ ಅವತ್ತು; ಕಣ್ಣು ಗುರುತು ಸಿಕ್ಕಿತು.
ಹೆರೀಜು, ಪಕ್ಕದ ಕಣಿವೆಯವ. ಜಿಪ್ಪು ಎಳೆದವನು.
ಅಂಗಳದಲ್ಲೇ ನಿಂತ. ಸೀದ ಅನ್ನದ ನೀರು ಕೊಟ್ಟೆ.
ಲೋಟವನ್ನೇ ನೋಡುತ್ತ ಹೇಳಿದ:
"ತಲೆ ಮೂಡಲಿಗೆ ಮಾಡಿಯೇ ಮಲಗಿಸಿದೆ, ಅಕ್ಕಾ.
ಸಾಹೇಬರು ಜೀಪಿನ ಹತ್ತಿರ ಹೋದಾಗ
ನಿಮ್ಮ ಮಾವ ಕೂಗಿದ ಹೆಸರೆಲ್ಲ ಅವನ ಕಿವಿಗೆ ಹೇಳಿದೆ.
ಒಂದೆರಡು ಮರೆತಿರಬಹುದು.
ಎಡದಿಂದ ಮೂರನೇ ಗೂಟ. ಮೊಳೆಯೊಂದು ಹೊಡೆದಿದ್ದೇನೆ."
ಅಮ್ಮ ಒಳಗಿಂದಲೇ ಮರೆತ ಹೆಸರುಗಳನ್ನು ಹೇಳಿದಳು.
ಅವನು ಅಂಗೈ ಮೇಲೆ ಬರೆದುಕೊಂಡ.

ಮತ್ತೆ ಗುಡ್ಡಕ್ಕೆ ಬೆಂಕಿ ಬಿದ್ದ ಕಾಲಕ್ಕೆ
ಮಗಳ ಮೈ ಕೆಂಡವಾಯಿತು. ಬಚ್ಚಿಡಲಿಲ್ಲ.
ಬೆನ್ನಿಗೆ ಕಟ್ಟಿಕೊಂಡು ರಾತ್ರಿಯೇ ಆಸ್ಪತ್ರೆಗೆ ನಡೆದೆ.
ರೇಡಿಯೊ ಇನ್ನೂ ಹಳೆಯದನ್ನೇ ಹೇಳುತ್ತಿತ್ತು;
ದಾರಿಯುದ್ದಕ್ಕೂ ನನ್ನ ನೆನಪಿನಲ್ಲಿದ್ದದ್ದು ಮೊಳೆ.
ಸೂಜಿ ಚುಚ್ಚಿದರು. ಬದುಕಿದಳು.
ಈಗ ನೂಲು ಸುತ್ತುತ್ತಾಳೆ, ಬಲು ಕೆಟ್ಟದಾಗಿ.

ಈ ಚಳಿಗೆ ಗೋರಿ ತೆರೆಯಬೇಕು.
ಸುಲುಫುವಿನದು ನೇಯ್ದಾಗಿದೆ, ಅವನ ಉದ್ದ ನನ್ನ ತೋಳಿಗೆ ಗೊತ್ತು.
ಬರಿಯ ಬಟ್ಟೆಯನ್ನೇ ಸುರುಳಿ ಸುತ್ತಿ ಅಪ್ಪನ ಪಕ್ಕ ಇಡೋಣವೆ,
ಇಲ್ಲ, ಕತ್ತಲಲ್ಲಿ ಹಾರೆ ತಕ್ಕೊಂಡು
ಮೂರನೇ ಗೂಟಕ್ಕೆ ಹೋಗೋಣವೆ, ಎನ್ನುತ್ತಾನೆ ಮಾವ.
ಇನ್ನೂ ಎಷ್ಟು ವರ್ಷ ಮುಟ್ಟಬಾರದೆಂದು
ಹೆರೀಜು ಬೆರಳು ಮಡಿಚಿ ಎಣಿಸಿ ತೋರಿಸಿದ.
ನಾನು ಮಡಿಚುತ್ತೇನೆ, ಬಿಚ್ಚುತ್ತೇನೆ, ಮತ್ತೆ ಮಡಿಚುತ್ತೇನೆ.
ಇನ್ನೊಂದು ತುದಿ ಹಿಡಿದ ಮಗಳು ಕೇಳುತ್ತಾಳೆ:
ಹೊತ್ತು ಕುಣಿಯುವಾಗಲೂ ಇಷ್ಟೇ ಹಗುರಾದರೆ
ಹೆಗಲಿಗೆ ಹೇಗಮ್ಮಾ ಗೊತ್ತಾಗುವುದು, ಇದು ಯಾರೆಂದು?